ಮುಳ್ಳು ಹಾಕಿದ ಮನೆಯಲ್ಲಿ ಎಂಬತ್ತೆರಡು ಯೂನಿಟ್ಟು

"ಶಿವನಂಜಯ್ಯ ಸತ್ತ ಮೇಲೆ ಆರು ತಿಂಗಳು ಈ ಮನೆಗೆ ನರಪಿಳ್ಳೆ ಕಾಲಿಟ್ಟಿಲ್ಲ ಅಂದ್ರಲ್ಲ ಗೋವಿಂದಮ್ಮನೋರೆ," ಎನ್ನುತ್ತ ಶಾಂತಮೂರ್ತಿ ಕೊಕ್ಕೆತಂತಿಯಿಂದ ಒಂದು ಬಿಲ್ಲನ್ನು ಕಿತ್ತು ಬೆಳಕಿಗೆ ಹಿಡಿದರು. "ಹಾಗಾದ್ರೆ ಇಲ್ಲಿ ದೀಪ ಹಾಕಿಕೊಂಡು ಕೂತಿದ್ದೋರು ಯಾರು?"

ಪಕ್ಕದ ಮನೆಯ ಗೋವಿಂದಮ್ಮ ಹೊಸ್ತಿಲಿನಾಚೆಯೇ ನಿಂತಿದ್ದಳು. ರೇಷ್ಮೆ ನೂಲು ಸುತ್ತುವುದನ್ನು ಅರ್ಧಕ್ಕೆ ಬಿಟ್ಟು, ಈ ಮನುಷ್ಯ ಖಾಲಿ ಮನೆಯೊಳಗೆ ಬೆಳಗಿನಿಂದ ಏನನ್ನು ತಡಕಾಡುತ್ತಿದ್ದಾನೆಂದು ನೋಡಲು ಬಂದವಳು. ಪ್ರಶ್ನೆ ತನ್ನ ಕೊರಳಿಗೇ ಬಂದು ಬೀಳುತ್ತದೆಂದು ಅವಳು ಎಣಿಸಿರಲಿಲ್ಲ.

ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಆ ತಂತಿಯಲ್ಲಿ ಮೂರು ವರ್ಷದ ಕರೆಂಟು ಬಿಲ್ಲುಗಳಿದ್ದವು. ಮೀಟರು ಓದುವವನು ಗೇಟಿಗೆ ಸಿಕ್ಕಿಸಿ ಹೋದದ್ದನ್ನೆಲ್ಲ ಮನೆಯವರು ತಂದು ಚುಚ್ಚಿದ್ದರು. ಒಂದನ್ನೂ ಓದಿರಲಿಲ್ಲ. ಉಚಿತ ವಿದ್ಯುತ್ತು ಬಂದಂದಿನಿಂದ ಕಟ್ಟಬೇಕಾದ ಮೊತ್ತದ ಜಾಗದಲ್ಲಿ ಸೊನ್ನೆ ಇರುತ್ತದೆ. ಸೊನ್ನೆಯನ್ನು ಕಂಡವರು ಅದರ ಮೇಲಿನ ಸಾಲನ್ನು ಏಕೆ ಓದಿಯಾರು?

ಶಾಂತಮೂರ್ತಿ ಓದಿದರು. ಎರಡು ವರ್ಷದ ಹೊಗೆಗೆ ಅಕ್ಷರಗಳು ಮಾಸಿದ್ದವು. ಮಾರ್ಚಿ, ಏಪ್ರಿಲ್ಲು, ಮೇ: ಉರಿದ ಯೂನಿಟ್ಟು ಸೊನ್ನೆ. ಜೂನ್: ಮೂವತ್ತೆಂಟು. ಜುಲೈ: ನಲವತ್ತನಾಲ್ಕು. ಆಗಸ್ಟಿನಲ್ಲಿ ಮತ್ತೆ ಸೊನ್ನೆ.

ಗೋವಿಂದಮ್ಮ ಸೆರಗನ್ನು ಬಾಯಿಗೆ ತಂದುಕೊಂಡಳು. "ನಾನು ಕಂಡಿದ್ದೆ ಸಾ. ಹಿಂದ್ಲ ಗವಾಕ್ಸಿಲಿ ಬೆಳಕು ಕಾಣ್ತಿತ್ತು. ಸತ್ತ ಅಯ್ಯನೇ ಬಂದು ಕುಂತವ್ನೆ ಅಂದ್ಕಂಡೆ."

"ಯಾರಿಗೂ ಹೇಳಲಿಲ್ವೆ?"

"ಏಳಿದ್ರೆ ಅದು ಏಳಿದೋರ ಮನ್ಗೇ ಬತ್ತದಂತಲ್ಲ ಸಾ."

ಶಾಂತಮೂರ್ತಿ ಕನ್ನಡಕ ತೆಗೆದು ಹಣೆಯನ್ನು ಉಜ್ಜಿಕೊಂಡರು. ಈ ಮನೆಯ ಕಳೆದುಹೋದ ಒಂದು ಕಾಗದಕ್ಕಾಗಿ ಪೊಲೀಸರಿಗೆ ದೂರು ಹೋಗಿತ್ತು, ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು, ವಕೀಲರೊಬ್ಬರು ಅಭಿಪ್ರಾಯ ಬರೆದುಕೊಟ್ಟಿದ್ದರು. ಉತ್ತರದ ಅರ್ಧ ಭಾಗ ಗೋಡೆಯಾಚೆಗೆ ನೂಲು ಸುತ್ತುತ್ತ ಕುಳಿತಿತ್ತು. ಯಾರೂ ಕೇಳಿರಲಿಲ್ಲ, ಅದೂ ಹೇಳಿರಲಿಲ್ಲ.

ಮೂವತ್ತೊಂದು ವರ್ಷ ನೋಂದಣಿ ಇಲಾಖೆಯ ದಫ್ತರಗಳ ನಡುವೆ ಕಳೆದು ನಿವೃತ್ತರಾದ ಈ ಗುಮಾಸ್ತರ ಬಳಿಗೆ ಕೊಳ್ಳೇಗಾಲದ ಸುತ್ತಿನ ಜನ ಮನೆ, ನಿವೇಶನಗಳ ಕಾಗದ ತೋರಿಸಲು ಬರುವುದುಂಟು. ಬರುವುದು ಮಾತ್ರ ಸಹಿ ಹಾಕಿಯಾದ ಮೇಲೆ. ಪವಿತ್ರಳೂ ಹಾಗೆಯೇ ಬಂದವಳು. ಯಳಂದೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಅವಳು ಹತ್ತೊಂಬತ್ತು ವರ್ಷದ ದುಡಿಮೆಯನ್ನು ಈ ಮನೆಯ ಮುಂಗಡಕ್ಕೆ ಸುರಿದಿದ್ದಳು. ಕರಾರಿನ ಅವಧಿ ನಾಳೆ, ಶುಕ್ರವಾರಕ್ಕೆ ತೀರುತ್ತಿತ್ತು. ನಾಳೆ ಹನ್ನೊಂದಕ್ಕೆ ನೋಂದಣಿ. ಅಷ್ಟರೊಳಗೆ ಅವಳು ಒಪ್ಪದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ ಎಂಬ ಸಾಲು ಕರಾರಿನ ಮೂರನೆಯ ಪುಟದಲ್ಲಿತ್ತು. ಒಪ್ಪಿ ಬರೆಸಿಕೊಂಡ ಮೇಲೆ ಹಕ್ಕಿನಲ್ಲಿ ಹುಳುಕು ಕಂಡರೆ ಮನೆಯ ಮೆಟ್ಟಿಲ ಬದಲು ಕೋರ್ಟಿನ ಮೆಟ್ಟಿಲು. ಓದದೆ ಏಕೆ ಸಹಿ ಹಾಕಿದೆ ಎಂದು ಶಾಂತಮೂರ್ತಿ ಗದರಿದಾಗ ಅವಳು ತಲೆ ತಗ್ಗಿಸಿದ್ದಳು. ಸಹಿಯಾದ ಮೇಲೆ ಓದುವುದು ಹೂತ ಮೇಲೆ ನಾಡಿ ಹಿಡಿದಂತೆ. ನರ್ಸಾದವಳಿಗೆ ಅದಕ್ಕಿಂತ ಸ್ಪಷ್ಟವಾಗಿ ಹೇಳುವುದು ಅವರಿಗೆ ತಿಳಿದಿರಲಿಲ್ಲ.

ಮನೆಯ ಮೂಲ ಕ್ರಯಪತ್ರ ಕಳೆದಿದೆ ಎಂಬ ಒಂದೇ ಸಂಗತಿಯನ್ನು ಈವರೆಗೆ ಇಬ್ಬರು ಸೇರಿ ಮೂರು ಬಗೆಯಾಗಿ ಹೇಳಿದ್ದರು. ಮಾರುವವನಾದ ಶಿವಶಂಕರ ಬಸ್ಸಿನಲ್ಲಿ ಕಳೆಯಿತೆಂದ. ಅವನೇ ಕೊಟ್ಟ ದೂರಿನಲ್ಲಿ ಜೆರಾಕ್ಸ್ ಅಂಗಡಿಯ ಹೆಸರಿತ್ತು. ಅವನ ಅಕ್ಕ ರೂಪ ಫೋನಿನಲ್ಲಿ, ಪತ್ರ ತಂದೆಯ ಟ್ರಂಕನ್ನು ಬಿಟ್ಟು ಹೊರಗೆ ಬಂದದ್ದೇ ಇಲ್ಲವೆಂದು ಹೇಳಿ ಕರೆ ಕತ್ತರಿಸಿದ್ದಳು. ಈಗ ಈ ಎಂಬತ್ತೆರಡು ಯೂನಿಟ್ಟು ನಾಲ್ಕನೆಯ ಸಾಕ್ಷಿಯಾಗಿ ಬಂದು ನಿಂತಿತ್ತು. ನಾಲ್ಕರಲ್ಲಿ ಇದೊಂದಕ್ಕೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ.

ಈ ಸೀಮೆಯಲ್ಲಿ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡುವ ವಾಡಿಕೆಯುಂಟು. ಕೆಲವರು ಮೂರು ತಿಂಗಳೆನ್ನುತ್ತಾರೆ, ಕೆಲವರು ಆರೆನ್ನುತ್ತಾರೆ. ಯಾವ ನಕ್ಷತ್ರಕ್ಕೆ ಎಷ್ಟು ಎಂಬುದರಲ್ಲಿ ಊರೂರಿಗೆ ಮಾತು ಬೇರೆ. ಬಿಡುವ ಕ್ರಮದಲ್ಲಿ ಮಾತ್ರ ಭೇದವಿಲ್ಲ. ಹೆಣವನ್ನು ತಲೆಬಾಗಿಲಿನಿಂದ ತರುವಂತಿಲ್ಲ; ಹಿಂದಿನ ಗೋಡೆ ಒಡೆದು, ಆ ಕಂಡಿಯಿಂದ ಹೊರಗೆ ತರಬೇಕು. ಹೆಣ ಅಂಗಳ ದಾಟಿದ್ದೇ ತಡ, ಹೆಂಗಸರು ಹಿಂದಿರುಗಿ ನೋಡದೆ ನಂಟರ ಮನೆಗೆ ನಡೆಯಬೇಕು. ಹೂತು ಬಂದ ಗಂಡಸರು ಕಂಡಿಯನ್ನು ಮುಚ್ಚಿ, ತಲೆಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಹಾಕಿ ಹೊರಡಬೇಕು. ಮನೆಯೊಳಗಿನ ಒಂದು ಚೊಂಬನ್ನೂ ಹೊತ್ತೊಯ್ಯಬಾರದು. ಒಯ್ದರೆ ದೋಷವೂ ಜೊತೆಗೆ ಬರುತ್ತದೆ. ಅವಧಿ ಮುಗಿದ ದಿನ ಗಂಡಸರು ಮೊದಲು ಬಂದು, ಗೋಡೆಯನ್ನು ಗಿಲಾವು ಮಾಡಿ, ಗಂಜಲ ಚಿಮುಕಿಸಿದ ಮೇಲೆಯೇ ಹೆಂಗಸರನ್ನು ಕರೆಯುವುದು.

ಎರಡು ವರ್ಷದ ಹಿಂದೆ ಶಿವನಂಜಯ್ಯ ತೀರಿಕೊಂಡಾಗ ಅವರ ಮಕ್ಕಳು ಇದಿಷ್ಟನ್ನೂ ಚಾಚೂ ತಪ್ಪದೆ ಮಾಡಿದ್ದರು. ಬ್ಯಾಂಕಿನ ಲಾಕರಿಗಿಂತ ಜಾಲಿಮುಳ್ಳಿನ ಮೇಲೆ ಹೆಚ್ಚು ನಂಬಿಕೆ ಇಟ್ಟು, ನಲವತ್ತು ವರ್ಷದ ಕ್ರಯಪತ್ರವಿದ್ದ ಟ್ರಂಕನ್ನು ಖಾಲಿ ಮನೆಯಲ್ಲಿ ಬಿಟ್ಟು ಹೋಗಿದ್ದರು. ಇಂಥ ತಪ್ಪನ್ನು ಮಾಡಲು ಮೂರ್ಖತನ ಸಾಲದು, ಭಕ್ತಿಯೂ ಬೇಕು ಎಂದುಕೊಂಡರು ಶಾಂತಮೂರ್ತಿ.

ಹಿಂದಿನ ಕೋಣೆಯ ಗೋಡೆಯಲ್ಲಿ ಆಳೆತ್ತರದ ಒಂದು ತೇಪೆಯಿತ್ತು. ಅಲ್ಲಿ ಹಿಂದೆ ಕಿಟಕಿಯಿತ್ತೆಂದು ಶಿವಶಂಕರ ಪವಿತ್ರಳಿಗೆ ಹೇಳಿದ್ದ. ಅವಳು ನಂಬಿದ್ದಳು. ನೆಲದವರೆಗೆ ಇಳಿದ ಕಿಟಕಿಯನ್ನು ಯಾರಾದರೂ ಎಲ್ಲಾದರೂ ಕಂಡಿದ್ದಾರೆಯೆ ಎಂದು ಅವಳೂ ಕೇಳಿರಲಿಲ್ಲ.

"ಅಲ್ಲಿಂದ್ಲೇ ಸಾ ಅಯ್ಯನ್ನ ಈಚೆಗೆ ತಗ್ದುದ್ದು," ಎಂದಳು ಗೋವಿಂದಮ್ಮ, ಇನ್ನೂ ಹೊಸ್ತಿಲಾಚೆಯಿಂದ.

ತಲೆಬಾಗಿಲಿನ ಮುಳ್ಳು ಆರು ತಿಂಗಳೂ ಅಲುಗಿರಲಿಲ್ಲವೆಂದು ಅವಳು ಆಣೆಯಿಟ್ಟು ಹೇಳಿದಳು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ. ಉಳಿದದ್ದು ಇದೊಂದೇ ದಾರಿ. ಹೆಣ ಹೊರಟ ಕಂಡಿಯಲ್ಲಿ ಒಬ್ಬರು ಒಳಗೆ ಹೋಗಿದ್ದರು, ಎರಡು ತಿಂಗಳು ಇದ್ದರು, ಫ್ಯಾನು ಹಾಕಿಕೊಂಡು ಮಲಗಿದ್ದರು.

ಟ್ರಂಕಿನ ವಿಷಯ ಬಲ್ಲವರು ಇಬ್ಬರೇ: ಮಗ ಮತ್ತು ಮಗಳು. ಮಾರಲು ತುದಿಗಾಲಲ್ಲಿ ನಿಂತ ಮಗನಿಗೆ ತನ್ನದೇ ಪತ್ರವನ್ನು ಬಚ್ಚಿಡುವ ಅಗತ್ಯವಿಲ್ಲ. ಮಾರಾಟವನ್ನು ತಡೆಯಲು ಕಾರಣವಿದ್ದದ್ದು, ವಾರಸುದಾರರ ಮೊದಲ ಪಟ್ಟಿಯಲ್ಲಿ ಹೆಸರೇ ಬಿಟ್ಟುಹೋಗಿದ್ದ ಮಗಳಿಗೆ. ಶಾಂತಮೂರ್ತಿ ಬಿಲ್ಲುಗಳನ್ನು ಅಂಗಿಯ ಜೇಬಿಗೆ ಸೇರಿಸಿ, ಮನೆಗೆ ಬೀಗ ಹಾಕಿ, ರೂಪಳ ಊರು ಶಾಗ್ಯಕ್ಕೆಂದು ಹನೂರಿನ ಬಸ್ಸು ಹತ್ತಿದರು.

ಬಸ್ಸು ಮಾದಪ್ಪನ ಬೆಟ್ಟಕ್ಕೆ ಹೊರಟ ಒಕ್ಕಲಿನ ಭಕ್ತರಿಂದ ಕಿಕ್ಕಿರಿದಿತ್ತು. ಯಾರದೋ ಪುರಿ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕುಳಿತಿದ್ದಾಗ ಶಿವಶಂಕರನ ಫೋನು ಬಂತು. ಸಾರ್ ಮನೆ ಅಳೆದು ಮುಗಿಸಿದರೇ ಎಂದು ವಿಚಾರಿಸಿದ. ಶಾಂತಮೂರ್ತಿ ಬಿಲ್ಲಿನ ಮಾತೆತ್ತಿದರು. ಮೀಟರು ಕೆಟ್ಟಿರಬಹುದು, ಅದೆಲ್ಲ ಏನೂ ಆಗಲ್ಲ ಬಿಡಿ ಎಂದ. ಮೊದಲ ವಂಶವೃಕ್ಷದಲ್ಲಿ ಅಕ್ಕನ ಹೆಸರನ್ನೇ ಬಿಟ್ಟದ್ದು ಏಕೆ ಎಂದು ಕೇಳಿದರು. ಬರೆದವನ ತಪ್ಪು, ತಿದ್ದಿಸಿ ತಂದಿದ್ದೇನಲ್ಲ, ಅಕ್ಕ ನಾಳೆ ಹನ್ನೊಂದಕ್ಕೆ ತಾನೇ ಬಂದು ಸಹಿ ಹಾಕುತ್ತಾಳೆ, ಏನೂ ಆಗಲ್ಲ ಎಂದ.

"ಏನೂ ಆಗಲ್ಲ" ಎಂಬ ಆ ಮಾತನ್ನು ಶಾಂತಮೂರ್ತಿ ತಮ್ಮ ಸೇವೆಯ ಅಷ್ಟೂ ವರ್ಷ ಕೇಳಿದ್ದರು. ಗಡಿ ತಪ್ಪಾಗಿದ್ದಾಗ ಕೇಳಿದ್ದರು, ಹೆಣ್ಣುಮಕ್ಕಳ ಸಹಿ ಬಿಟ್ಟಾಗ ಕೇಳಿದ್ದರು, ಸತ್ತವನ ಹೆಸರಿನಲ್ಲಿ ಅಧಿಕಾರಪತ್ರ ತಂದಾಗಲೂ ಕೇಳಿದ್ದರು. ಅವರ ತಾಳ್ಮೆಯ ಕಟ್ಟೆ ಆ ಪುರಿ ಮೂಟೆಯ ಮೇಲೆ ಒಡೆಯಿತು. ಏನಾಗುತ್ತೆ ಏನಾಗಲ್ಲ ಅಂತ ನಿಮ್ಮಕ್ಕನ್ನೇ ಕೇಳ್ತೀನಿ, ಶಾಗ್ಯಕ್ಕೇ ಹೋಗ್ತಿದ್ದೀನಿ ಎಂದುಬಿಟ್ಟರು.

ಶಿವಶಂಕರ ಬಹಳ ಮರ್ಯಾದೆಯಿಂದ, ಹೋಗಿ ಬನ್ನಿ ಸಾ ಎಂದು ಫೋನಿಟ್ಟ.

ಹೇಳಬಾರದಿತ್ತು ಎಂದು ಶಾಂತಮೂರ್ತಿಗೆ ಅನ್ನಿಸಿದ್ದು ಎರಡು ಊರು ದಾಟಿದ ಮೇಲೆ. ಸಿಟ್ಟಿನಲ್ಲಿ ಆಡಿದ ಮಾತು ಒಡೆದ ಮೊಸರಿನ ಗಡಿಗೆ. ಬಳಿಯಲು ಹೋದರೆ ಕೈಯೂ ಹೊಲಸು.

ಶಾಗ್ಯದಲ್ಲಿ ರೂಪಳ ಮನೆಯ ಮುಂದೆ ಹುರುಳಿ ಹರವಿತ್ತು. ಅವಳು ಮೊರ ಹಿಡಿದು ಕೇರುತ್ತಿದ್ದಳು. ಜಗುಲಿಯ ಮೇಲೆ ಅವಳ ಅತ್ತೆ ಚಿಕ್ಕಬಸಮ್ಮ ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು. ವಯಸ್ಸು ಎಂಬತ್ತರ ಹತ್ತಿರ, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು.

"ಮನೆ ತಕ್ಕಳಾಕೆ ಬಂದ್ರಾ ಸ್ವಾಮಿ, ಮಾರಾಕೆ ಬಂದ್ರಾ?"

"ಎರಡೂ ಅಲ್ಲ ಅವ್ವ."

"ಅಂಗಾರೆ ಕೆಡ್ಸಾಕೆ," ಎಂದು ಮುದುಕಿ ಎಲೆ ಮಡಚಿದಳು.

ರೂಪ ನಗಲಿಲ್ಲ, ಮೊರ ನಿಲ್ಲಿಸಲೂ ಇಲ್ಲ. ಅವರು ಕೇಳಿದ್ದಕ್ಕೆಲ್ಲ ಹೊಟ್ಟು ಹಾರಿಸುತ್ತಲೇ ಉತ್ತರ ಕೊಟ್ಟಳು. ನಾಳೆ ತಾನು ಕೊಳ್ಳೇಗಾಲಕ್ಕೆ ಹೋಗುವುದಿಲ್ಲ. ಹೋಗುತ್ತೇನೆಂದು ತಮ್ಮನಿಗೆ ಹೇಳಿಯೂ ಇಲ್ಲ. ಪಾಲಿಗಾಗಿ ಅಲ್ಲ, ಅವನು ಕೊಟ್ಟರೂ ಬೇಡ. ಕಾರಣವೇನೆಂದರೆ ಕಾರಣವಿಲ್ಲ, ಅಷ್ಟೆ.

ಶಾಂತಮೂರ್ತಿಗೆ ಈ "ಅಷ್ಟೆ" ಕೂಡ ಹಳೆಯ ಪರಿಚಯದ್ದೇ. "ಏನೂ ಆಗಲ್ಲ" ಎನ್ನುವವನ ಒಡಹುಟ್ಟಿದವಳ ಬಾಯಲ್ಲಿ ಅದು ಇರಲೇಬೇಕು. ಅವರು ಜಗುಲಿಯ ಅಂಚಿಗೆ ಕುಳಿತು, ತಾವು ಏಕೆ ಬಂದಿದ್ದೇವೆಂದು ನಿಧಾನವಾಗಿ ವಿವರಿಸಿದರು. ಕೊಳ್ಳುವ ಹೆಣ್ಣುಮಗಳು ಯಳಂದೂರಿನ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟಾಗಿದೆ. ಅವಳ ಸಾಮಾನು ಕಟ್ಟಿ ಕೂತಿದೆ. ಋಣಭಾರ ಪತ್ರ ತೆಗೆಸಿದರೆ ಸಾಲವಿಲ್ಲ, ವ್ಯಾಜ್ಯವಿಲ್ಲ, ಎಲ್ಲ ತಿಳಿನೀರು. ತಿಳಿನೀರಿನಲ್ಲಿಯೇ ಮೊಸಳೆ ಚೆನ್ನಾಗಿ ಮಲಗುತ್ತದೆ. ಮೂಲಪತ್ರ ಯಾರದೋ ಕೈಯಲ್ಲಿದ್ದರೆ, ಅದನ್ನಿಟ್ಟುಕೊಂಡು ಅವರು ಏನು ಮಾಡಿದ್ದಾರೆಂಬುದು ಋಣಭಾರ ಪತ್ರದಲ್ಲಿ ಕಾಣಲೇಬೇಕೆಂದಿಲ್ಲ.

ಆಮೇಲೆ ಬಿಲ್ಲುಗಳನ್ನು ತೆಗೆದು ಅವಳ ಮುಂದೆ ಹಿಡಿದರು. ಬಾಗಿಲು ಹಾಕಿದ್ದ ಆ ಕಾಲದಲ್ಲಿ ಮನೆಯೊಳಗೆ ಯಾರೋ ಇದ್ದರು ಎಂದರು.

ರೂಪ ಬಿಲ್ಲನ್ನು ಮುಟ್ಟಲಿಲ್ಲ. "ಇದ್ದಿರ್ಬೋದು ಸಾ. ಯಾರ್ ಬೇಕಾದ್ರೂ ನುಗ್ಗಬೋದಿತ್ತು. ಮಣ್ಣು ಕೂಡ ಮೆತ್ತಿರ್ನಿಲ್ಲ, ಬರೀ ಇಟ್ಗೆ ಜೋಡ್ಸಿ ಬುಟ್ಟು ಓಗಿದ್ರು."

ಮೊರದಲ್ಲಿ ಹುರುಳಿ ಎರಡು ಸಲ ಮೇಲೆದ್ದು ಬಿತ್ತು.

"ರೂಪಮ್ಮ," ಎಂದರು ಆಮೇಲೆ, "ನಿಮ್ಮಪ್ಪನ್ನ ಹೊರಗೆ ತಂದಾಗ ನೀನು ಅಂಗಳದಲ್ಲಿದ್ದೆ."

"ಇದ್ದೆ."

"ಹಿಂದಿರುಗಿ ನೋಡದೆ ಹೊರಟೆ."

"ನೋಡಬಾರ್ದಲ್ಲ."

"ಕಂಡಿ ಮುಚ್ಚಿದ್ದು ಹೂತು ಬಂದ ಮೇಲೆ. ಗಂಡಸರು. ಆಗಸ್ಟಿನಲ್ಲಿ ಗಿಲಾವು ಮಾಡಿದ್ದು ನಿಮ್ಮನ್ನ ಕರೆಯೋಕೆ ಮುಂಚೆ. ಅದೂ ಗಂಡಸರೇ. ನೀನು ಆ ಗೋಡೆಯನ್ನ ನೋಡೋವಾಗ ಅದಕ್ಕೆ ಸುಣ್ಣ ಬಿದ್ದಿತ್ತು." ಅವರು ಬಿಲ್ಲುಗಳನ್ನು ಮಡಚಿದರು. "ಇಟ್ಟಿಗೆಗೆ ಮಣ್ಣು ಮೆತ್ತಿತ್ತೋ ಇಲ್ಲವೋ, ಅದು ಗೊತ್ತಿರೋದು ಮುಚ್ಚಿದೋರಿಗೆ. ಇಲ್ಲವೆ, ಕಿತ್ತೋರಿಗೆ."

ಮೊರ ನಿಂತಿತು.

ರೂಪ ಅತ್ತೆಯ ಕಡೆ ನೋಡಿ, ಒಳಗೆ ಹೋಗಿ ಮಲಗಬಾರದೆ ಎಂದಳು. ಚಿಕ್ಕಬಸಮ್ಮ ತನಗೆ ಕಿವಿ ಕೇಳದೆಂದು ಕೈ ಆಡಿಸಿ, ಗೋಡೆಗೊರಗಿ ಕಣ್ಣು ಮುಚ್ಚಿದಳು. ರೂಪ ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

ತಂದೆ ಸತ್ತ ಐದನೆಯ ತಿಂಗಳು. ನಿನ್ನ ತಮ್ಮ ವಂಶವೃಕ್ಷ ಮಾಡಿಸಿದ್ದಾನೆ, ಅದರಲ್ಲಿ ನಿನ್ನ ಹೆಸರಿಲ್ಲ ಎಂದು ನಾಡಕಚೇರಿಗೆ ಹೋಗಿದ್ದ ಯಾರೋ ಬಂದು ಕಿವಿಗೆ ಹಾಕಿದ್ದರು. ಮನೆ ಬೇಕಾಗಿರಲಿಲ್ಲ, ಆದರೆ ತಾನು ಶಿವನಂಜಯ್ಯನ ಮಗಳೇ ಅಲ್ಲ ಎಂದು ಸರಕಾರದ ಮುದ್ರೆ ಬಿದ್ದ ಕಾಗದವೊಂದು ಇದೆಯೆಂಬುದನ್ನು ಅವಳು ಸಹಿಸದಾದಳು. ಪತ್ರ ತನ್ನ ಕೈಯಲ್ಲಿದ್ದರೆ ತಮ್ಮ ತನ್ನ ಬಳಿಗೆ ಬರಲೇಬೇಕು ಎಂದು ಲೆಕ್ಕ ಹಾಕಿ, ಬೆಟ್ಟಕ್ಕೆ ಹರಕೆ ಎಂದು ಸುಳ್ಳು ಹೇಳಿ, ಕೊಳ್ಳೇಗಾಲಕ್ಕೆ ಹೋದಳು. ನಡುಹಗಲು. ಹಿತ್ತಿಲಿಂದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಳು. ತಂದೆ ಮಲಗಿ ಬಂದ ದಾರಿಯಲ್ಲಿ ತಾನು ತೆವಳಿ ಒಳಗೆ ಹೋದಳು.

"ಪಡಸಾಲೆಲಿ ಪ್ಯಾನು ತಿರುಗ್ತಿತ್ತು ಸಾ," ಎಂದಳು. "ಚಾಪೆ ಮ್ಯಾಲೆ ಒಂದು ಎಂಗ್ಸು ಕುಂತಿತ್ತು. ಅಪ್ಪನ ಟ್ರಂಕು ತೆಗ್ದಿತ್ತು. ಪತ್ರ ಅವ್ಳ ಮಡ್ಲಲ್ಲಿತ್ತು."

"ಯಾರು?"

"ನಾನು ಕಿರುಚ್ನಿಲ್ಲ, ಅವ್ಳೂ ಎದ್ರುನಿಲ್ಲ. ಬಾ ರೂಪಕ್ಕ ಅಂದ್ಳು. ನೀನ್ ಬಂದ ದಾರಿಲೇ ನಾನೂ ಬಂದೆ ಅಂದ್ಳು."

ಹೆಸರು ಜ್ಯೋತಿಲಕ್ಷ್ಮಿ. ಸತ್ತೇಗಾಲದವಳು. ತೆಂಗಿನಕಾಯಿ ವ್ಯಾಪಾರಕ್ಕೆಂದು ಶಿವನಂಜಯ್ಯ ತಿಂಗಳಿಗೆರಡು ಸಲ ಸತ್ತೇಗಾಲಕ್ಕೆ ಹೋಗುತ್ತಿದ್ದುದನ್ನು ಮನೆಮಂದಿಯೆಲ್ಲ ಬಲ್ಲರು. ವ್ಯಾಪಾರಕ್ಕೊಂದು ಹೆಂಡತಿ, ಹೆಂಡತಿಗೊಂದು ಮಗಳು ಇದ್ದುದನ್ನು ಯಾರೂ ಬಲ್ಲವರಲ್ಲ. ತಾಯಿ ಸತ್ತು, ಅಲ್ಲಿಯ ಬಾಡಿಗೆ ಮನೆ ಕೈಬಿಟ್ಟು, ಹೋಗಲು ಬೇರೆ ದಿಕ್ಕಿಲ್ಲದೆ ಅವಳು ಅಪ್ಪನ ಮನೆಗೆ ಬಂದಿದ್ದಳು. ಬಾಗಿಲಿಗೆ ಮುಳ್ಳಿರುವ ಮನೆಯತ್ತ ಯಾರೂ ಸುಳಿಯುವುದಿಲ್ಲವೆಂಬ ಧೈರ್ಯದ ಮೇಲೆ ಎರಡು ತಿಂಗಳು ಕಳೆದಿದ್ದಳು.

ಒಂದು ಫೋಟೋ ತೋರಿಸಿದಳಂತೆ. ಬೆಟ್ಟದಲ್ಲಿ ಮುಡಿ ಕೊಟ್ಟ ಬೋಳುತಲೆಯ ಹುಡುಗಿ ಶಿವನಂಜಯ್ಯನ ತೊಡೆಯ ಮೇಲೆ ಕುಳಿತಿತ್ತು.

"ಅಂಥದೇ ನಂದೂ ಒಂದದೆ ಸಾ," ಎಂದಳು ರೂಪ. "ಅದೇ ಅಂಗ್ಡಿ, ಅದೇ ಪರದೆ. ಅಪ್ಪನ ನಗಾನೂ ಅದೇ. ನಂಗೆ ಮಾತ್ರ ಅಂಗೆ ನಗ್ತಾನೆ ಅಂದ್ಕಂಡಿದ್ದೆ."

ಪತ್ರವನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಸತ್ತವನ ಮಾನ ಹೋಗುತ್ತದೆ, ಇಲ್ಲಿಂದ ಹೊರಟುಬಿಡು ಎಂದಷ್ಟೇ ಕೇಳಿಕೊಂಡು, ಬಂದ ಕಂಡಿಯಿಂದಲೇ ಹೊರಬಿದ್ದಳು. ಜ್ಯೋತಿಲಕ್ಷ್ಮಿ ಆ ವಾರದಲ್ಲಿಯೇ ಹೊರಟಳು. ಆಗಸ್ಟಿನ ಬಿಲ್ಲು ಅದಕ್ಕೆ ಸಾಕ್ಷಿ. ಹೋಗುವಾಗ ಪತ್ರವನ್ನೂ ಒಯ್ದಳು. ಈ ಎರಡು ವರ್ಷದಲ್ಲಿ ರೂಪ ಈ ಮಾತನ್ನು ತಮ್ಮನಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ.

"ನಂಗೂ ಏಳ್ನಿಲ್ಲ." 

ಕಣ್ಣು ತೆರೆಯದೆಯೇ ಅಂದವಳು ಚಿಕ್ಕಬಸಮ್ಮ. "ಬೆಟ್ಟಕ್ಕೆ ಓದೋಳು ಮಂಡಿಗೆ ಇಟ್ಗೆ ದೂಳು ಬಳ್ಕಂಡು ಬಂದಿದ್ಲು. ಮಾದಪ್ಪ ಯಾವತ್ತಲಾ ಇಟ್ಗೆ ಗೂಡು ಮಡಗ್ದ ಅಂದ್ಕಂಡೆ. ಕೇಳಿದ್ರೆ ನೊಂದ್ಕತಾಳೆ ಅಂತ ಸುಮ್ಕಾದೆ."

ಶಾಂತಮೂರ್ತಿ ಆಕಾಶ ನೋಡಿದರು. ಕೊಳ್ಳೇಗಾಲದಲ್ಲಿ ಒಬ್ಬಳು ಬೆಳಕು ಕಂಡು ಸುಮ್ಮನಿದ್ದಳು. ಶಾಗ್ಯದಲ್ಲಿ ಒಬ್ಬಳು ಧೂಳು ಕಂಡು ಸುಮ್ಮನಿದ್ದಳು. ನಡುವೆ ಎಲ್ಲವನ್ನೂ ಕಂಡವಳು ಎಲ್ಲರಿಗಿಂತ ಹೆಚ್ಚು ಸುಮ್ಮನಿದ್ದಳು. ಇಷ್ಟು ಜನ ಮರ್ಯಾದಸ್ಥರು ಸೇರಿ ಒಬ್ಬ ನರ್ಸನ್ನು ಬೀದಿಗೆ ತರುವ ಹಂತಕ್ಕೆ ಬಂದಿದ್ದರು.

ಅವರು ಬೆರಳು ಮಡಚಿ ಹೇಳಿದರು. ಆ ಮನೆ ಶಿವನಂಜಯ್ಯ ಸ್ವಂತ ದುಡಿಮೆಯಿಂದ ಕೊಂಡದ್ದು. ಉಯಿಲು ಬರೆಯದೆ ಸತ್ತಿದ್ದಾರೆ, ರೂಪಳ ತಾಯಿ ಅವರಿಗಿಂತ ಮೊದಲೇ ತೀರಿಕೊಂಡಿದ್ದಾರೆ. ಎರಡನೆಯ ಮದುವೆಯನ್ನು ಕಾನೂನು ಒಪ್ಪದಿದ್ದರೂ ಆ ಮದುವೆಯ ಮಗಳನ್ನು ಮಗಳೆಂದೇ ಎಣಿಸುತ್ತದೆ. ತಂದೆಯ ಸ್ವಂತ ಆಸ್ತಿಯಲ್ಲಿ ಶಿವಶಂಕರನಿಗೆಷ್ಟೋ ರೂಪಳಿಗೆಷ್ಟೋ ಜ್ಯೋತಿಲಕ್ಷ್ಮಿಗೂ ಅಷ್ಟೇ. ಮೂವರು ಮಾರಬೇಕಾದ ಮನೆಯನ್ನು ಇಬ್ಬರು ಮಾರಿದರೆ, ಪವಿತ್ರ ಕೊಳ್ಳುವುದು ಮನೆಯನ್ನಲ್ಲ, ದಾವೆಯನ್ನು.

"ಅದ್ಕೇ ಸಾ ನಾನು ಸೈನು ಆಕಲ್ಲ ಅಂದುದ್ದು," ಎಂದಳು ರೂಪ. "ಕಾಗ್ದ ತಂದು ತೋರ್ಸಿದ್ದ ಸಂಕ್ರ. ನಾವಿಬ್ರೇ ಮಕ್ಳು, ಬ್ಯಾರೆ ವಾರಸುದಾರ್ರು ಇಲ್ಲ ಅಂತ ಬರ್ದದೆ ಅದ್ರಲ್ಲಿ. ನನ್ನ ಎಸ್ರು ಬುಟ್ಟಾಗ ನಂಗೆ ಎಂಗಾಗಿತ್ತು ಅಂತ ನಂಗೊತ್ತು. ಅದ್ನೇ ಇನ್ನೊಬ್ಳಿಗೆ ನಾನ್ ಮಾಡ್ಲಾ?"

ಇಡೀ ದಿನದಲ್ಲಿ ಕೇಳಿದ ಮಾತುಗಳಲ್ಲಿ ಶಾಂತಮೂರ್ತಿಗೆ ಸಿಟ್ಟು ಬಾರದಿದ್ದದ್ದು ಇದೊಂದಕ್ಕೆ. ರೂಪಳ ಸಹಿ ಇಲ್ಲದೆ ನಾಳೆ ನೋಂದಣಿ ನಡೆಯದು. ನಡೆಯದಿರುವ ತಪ್ಪು ಮಾರುವವನದು. ಕೊಳ್ಳುವವಳು ಸಿದ್ಧಳಾಗಿ ಬಂದಿದ್ದಳೆಂದು ಲಿಖಿತವಾಗಿ ದಾಖಲಿಸಿದರೆ ಅವಳ ಮುಂಗಡಕ್ಕೆ ಕುತ್ತಿಲ್ಲ. ಜ್ಯೋತಿಲಕ್ಷ್ಮಿಯನ್ನು ಹುಡುಕಿ, ಮೂವರನ್ನೂ ಕೂರಿಸಿ ಮಾಡಿದರೆ ಮನೆಯೂ ಉಳಿದೀತು. ಒಂದು ರಾತ್ರಿ, ಒಂದು ಬೆಳಗು ಕೈಯಲ್ಲಿದೆ ಎಂದುಕೊಂಡರು.

ಜೇಬಿನಲ್ಲಿ ಫೋನು ಅಲುಗಿತು. ಪವಿತ್ರ. ಎಡಗಿವಿ ಮಂದವಾದಂದಿನಿಂದ ಅವರು ಎಲ್ಲ ಕರೆಯನ್ನೂ ಸ್ಪೀಕರಿಗೆ ಹಾಕಿಯೇ ಕೇಳುವುದು. ಫೋನನ್ನು ಜಗುಲಿಯ ಮೇಲಿಟ್ಟರು.

"ಸಾರ್, ಬೈಬೇಡಿ," ಎಂದಿತು ಪವಿತ್ರಳ ದನಿ. ಹಿಂದೆ ಜನರ ಗದ್ದಲ, ಯಾರೋ ಹೆಸರು ಕೂಗುತ್ತಿದ್ದ ಸದ್ದು. "ನಾನು ನೋಂದಣಿ ಆಫೀಸಲ್ಲಿದ್ದೀನಿ. ಇವತ್ತೇ ಒಂದು ಟೈಮು ಖಾಲಿಯಾಗಿದೆ, ನಾಳೆ ಏನಾಗುತ್ತೋ ಏನೋ ಅಂತ ಶಂಕರಣ್ಣ ಕರೆದ್ರು. ಬಂದೆ."

"ಪವಿತ್ರ, ನನ್ನ ಮಾತು ಕೇಳು..."

"ನೀವು ಹೆದರಿದ್ದು ಅದೊಂದಕ್ಕೇ ಅಲ್ವಾ ಸಾರ್? ಅದಾಯ್ತು. ರೂಪಕ್ಕ ಬಂದಿದಾರೆ. ಆಧಾರ್ ತೋರಿಸಿದ್ರು, ಫೋಟೋ ತೆಗೆದ್ರು, ಬೆರಳು ಒತ್ತಿದ್ರು. ಪಾಪ, ಒಳ್ಳೆಯವ್ರು. ಇನ್ನು ನಂದೊಂದೇ ಬಾಕಿ."

ಚಿಕ್ಕಬಸಮ್ಮ ಕಣ್ಣು ತೆರೆದು ಮೊದಲು ಫೋನನ್ನೂ ಆಮೇಲೆ ಸೊಸೆಯನ್ನೂ ನೋಡಿದಳು.

ಶಾಂತಮೂರ್ತಿ ದನಿಯನ್ನು ಹತೋಟಿಗೆ ತಂದುಕೊಂಡರು. "ನಿನ್ನ ಬೆರಳನ್ನ ಯಾವುದರ ಮೇಲೂ ಇಡಬೇಡ. ಸಹಿ ಹಾಕಬೇಡ. ಆ ಹೆಂಗಸಿಗೆ ಫೋನು ಕೊಡು."

ಫೋನು ಕೈ ಬದಲಾದ ಸದ್ದು.

"ನಮಸ್ಕಾರ ಸಾ. ನಾನು ರೂಪ," ಎಂದಿತು ಒಂದು ಹೆಣ್ಣುದನಿ. ನಿಧಾನವಾದ, ಕಲಿಸಿದ್ದನ್ನು ಒಪ್ಪಿಸುವ ದನಿ.

ರೂಪ ಮೊಣಕಾಲೂರಿ ಜಗುಲಿಯ ಕಡೆ ಬಾಗಿದಳು. ಅವಳ ತುಟಿ ಫೋನಿಗೆ ತಾಗುವಷ್ಟು ಹತ್ತಿರವಿತ್ತು.

"ಜ್ಯೋತಿ," ಎಂದಳು.

ಅತ್ತ ಯಾರದೋ ಸರದಿ ಕೂಗಿದರು. ಕುರ್ಚಿಯೊಂದು ನೆಲಕ್ಕೆ ತೀಡಿತು. ಮತ್ತೆ ಕೇಳಿದಾಗ ಆ ದನಿಯಲ್ಲಿ ಕಲಿಸಿದ್ದು ಯಾವುದೂ ಉಳಿದಿರಲಿಲ್ಲ.

"ಅಕ್ಕ, ಪತ್ರ ನನ್ ತಾವಿಲ್ಲ. ನಾನೇ ಸಂಕ್ರಣ್ಣಂಗೆ ಕೊಟ್ಟೆ, ವರ್ಸದಿಂದ ಅವ್ನ ತಾವೇ ಅದೆ. ಇದೇ ಮನೆನ ಅವ್ನು ಮೊದ್ಲೇ ಇನ್ನೊಬ್ಬರಿಗೂ ಕರಾರು ಬರ್ದು ಕೊಟ್ಟವ್ನೆ. ಈ ಯಮ್ಮನ ಕೈಲಿ ಸೈನು ಆಕಿಸ್ಬ್ಯಾಡಿ, ಬ್ಯಾಗ..."

ಮಾತು ನಡುವೆಯೇ ತುಂಡಾಯಿತು. ಫೋನು ಮತ್ತೊಂದು ಕೈಗೆ ಹೋಯಿತು. ಬಾಗಿಲು ಹಾಕಿದಂತೆ ಗದ್ದಲ ಹಿಂದೆ ಸರಿಯಿತು.

"ಸಾ," ಎಂದ ಶಿವಶಂಕರ, ಅದೇ ಮರ್ಯಾದೆಯ ದನಿಯಲ್ಲಿ. "ಶಾಗ್ಯದಿಂದ ನಿಧಾನಕ್ಕೇ ಬನ್ನಿ. ಪವಿತ್ರಮ್ಮನ್ನ ಒಳಗೆ ಕರದ್ರು."